ಯಾವ ತಂಡಕ್ಕೂ ಸೇರದ ಬಾಡಿಗೆದಾರ

ಅಸುನ್ಸಿಯೋನ್ ನಗರದ ಹೊರವಲಯದ ನಮ್ಮ ಲಪಾಚೊ ವಠಾರಕ್ಕೆ ಸುತ್ತಲೂ ಎತ್ತರದ ಗೋಡೆ, ಒಂದೇ ಗೇಟು. ಗೇಟಿನಲ್ಲಿ ಸಿರಿಲೊ ಎಂಬ ಕಾವಲುಗಾರ. ಬಂದವರ ಪೂರ್ವಾಪರವನ್ನೆಲ್ಲ ವಿಚಾರಿಸದೆ ಅವನು ಅಡ್ಡಗಂಬ ಎತ್ತುತ್ತಿರಲಿಲ್ಲ. ತೆಯೋಫಿಲೊ ಬೆನಿತೆಸ್ ಇಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಬಂದದ್ದೇ ಆ ಗೋಡೆಗಾಗಿ, ಆ ಸಿರಿಲೊಗಾಗಿ.

ತೆಯೋಫಿಲೊ ವಾರವೆಲ್ಲ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಭಾನುವಾರ ಮಾತ್ರ ದೊಡ್ಡ ಲೀಗಿನ ಫುಟ್‌ಬಾಲ್ ರೆಫರಿ. ಹಿಂದಿನ ಋತುವಿನಲ್ಲಿ, ಆಟ ಇನ್ನೇನು ಮುಗಿಯಿತು ಎನ್ನುವಾಗ ನೇರಳೆ ತಂಡದ ವಿರುದ್ಧ ಪೆನಾಲ್ಟಿ ಕೊಟ್ಟುಬಿಟ್ಟ. ನೇರಳೆಯವರ ಕೈಗೆ ಬಂದಿದ್ದ ಲೀಗ್ ಕಪ್ ಜಾರಿತು. ಮಾರನೆಯ ದಿನದಿಂದ ಅವನಿದ್ದ ಬೀದಿಯಲ್ಲಿ ಚಿಪಾ ರೊಟ್ಟಿ ಮಾರುವವಳಿಗೆ ಅವನು ಕಾಣಿಸುವುದೇ ನಿಂತುಹೋಯಿತು. ಯಾರೋ ಅವನ ಮನೆಯ ಗೋಡೆಯ ಮೇಲೆ ಆಳೆತ್ತರದ ಕನ್ನಡಕ ಬರೆದರು. ಮನೆಯ ಯಜಮಾನ ಬಹಳ ವಿನಯದಿಂದ ಬೇರೆ ಮನೆ ನೋಡಿಕೊಳ್ಳಲು ಹೇಳಿದ. ಗೋಡೆಯಿರುವ ಜಾಗವೇ ಬೇಕೆಂದು ಹುಡುಕಿದ ತೆಯೋಫಿಲೊ, ಗೋಡೆಯೊಳಗೆ ಎಂಥವರಿದ್ದಾರೆಂದು ಮಾತ್ರ ವಿಚಾರಿಸಲಿಲ್ಲ. ನಮ್ಮ ವಠಾರದಲ್ಲಿ ಮಗು ಮೊದಲು ಕಲಿಯುವ ಬಣ್ಣವೇ ನೇರಳೆ.

ನನ್ನ ಮನೆಯ ಮೇಲಿನ ಅಂತಸ್ತಿನಲ್ಲಿ ಞಾ ಪೆರ್ಪೆತುವಾ ಎಂಬ ವಿಧವೆಗೆ ಎದುರುಬದುರು ಎರಡು ಮನೆ. ದೊಡ್ಡದರಲ್ಲಿ ಆಕೆಯ ವಾಸ, ಒಂದೇ ಮಲಗುವ ಕೋಣೆಯ ಚಿಕ್ಕದು ಬಾಡಿಗೆಗೆ. ಹಿಂದಿನ ಬಾಡಿಗೆದಾರ ಬಾಲ್ಕನಿಯಲ್ಲಿ ಎದುರಾಳಿ ತಂಡದ ಬಣ್ಣದ ಟವೆಲು ಒಣಹಾಕಿದನೆಂದು ಆಕೆ ಅವನಿಂದ ಮನೆ ಬಿಡಿಸಿದ್ದಳು. ಹಾಗಾಗಿ ಈ ಸಲ ಎಲ್ಲವನ್ನೂ ಮೊದಲೇ ಕೇಳಿದಳು. ಹೆಂಡತಿ ಇಲ್ಲ, ನಾಯಿ ಇಲ್ಲ ಎಂದ ತೆಯೋಫಿಲೊ.

“ಯಾವ ತಂಡ?”

“ನಂಗೆ ಯಾವ ತಂಡನೂ ಇಲ್ಲಮ್ಮ.”

ಇದು ಸುಳ್ಳಲ್ಲ. ಆದರೆ ಈ ಗಂಡಸಿಗೆ ಫುಟ್‌ಬಾಲೇ ಗೊತ್ತಿಲ್ಲ ಎಂದು ಆಕೆ ತಿಳಿದಳು, ಅವನು ತಿದ್ದಲಿಲ್ಲ. ಹೆಸರಿನಿಂದಲೂ ಅನುಮಾನ ಬರಲಿಲ್ಲ. ನಮ್ಮಲ್ಲಿ ಕಲ್ಲೆಸೆದರೆ ಒಬ್ಬ ಬೆನಿತೆಸ್‌ಗೆ ತಾಗುತ್ತದೆ. ಜೊತೆಗೆ ಅವನು ಮನೆಯಲ್ಲಿ ದಪ್ಪ ಗಾಜಿನ ಕನ್ನಡಕದವನು. ಮೈದಾನದಲ್ಲಿ ಕಣ್ಣೊಳಗೆ ಲೆನ್ಸು, ಮುಖವೇ ಬೇರೆ.

ಆಮೇಲೆ ಶುರುವಾಯಿತು ನೋಡಿ ಪಾಠ. ಗಂಡಸಾಗಿ ಹುಟ್ಟಿ ಹೀಗಾಯಿತಲ್ಲ ಎಂಬ ಮರುಕದಿಂದ ಞಾ ಪೆರ್ಪೆತುವಾ ದಿನಾ ಸಂಜೆ ಅವನನ್ನು ಮೊಗಸಾಲೆಯಲ್ಲಿ ಕೂರಿಸಿ, ತಣ್ಣನೆಯ ತೆರೆರೆ ಕಷಾಯ ಕುಡಿಸುತ್ತಾ ಆಟ ಕಲಿಸಿದಳು. ನಮ್ಮವರು ಗೋಲು ಹೊಡೆಯುವಾಗ ಹೊಟ್ಟೆಕಿಚ್ಚಿಗೆ ರೆಫರಿ ಊದುವುದೇ ಆಫ್‌ಸೈಡು ಎಂದಳು. ಹಾಗಿರಲಿಕ್ಕಿಲ್ಲ ಎಂದು ಅವನು ಒಮ್ಮೆ ಮೆಲ್ಲಗೆ ಅಂದ.

“ನಿಂಗೇನಪ್ಪಾ ಗೊತ್ತು, ಸುಮ್ನೆ ಕುಡಿ. ಆ ಕಪ್ ಕಳೆದ ರೆಫರಿನೂ ಬೆನಿತೆಸೇ. ನೀನಾದ್ರೂ ಆ ಹೆಸರಿನ ಮರ್ಯಾದೆ ಉಳ್ಸು.”

ತೆಯೋಫಿಲೊ ಕುಡಿದ.

ಭಾನುವಾರ ಅವನು ಚೀಲ ಹಿಡಿದು ಹೊರಟರೆ, ಅಂದು ಕನ್ನಡಕದ ಅಂಗಡಿಯೂ ಇಲ್ಲವಾದ್ದರಿಂದ ಇದು ಹೆಣ್ಣಿನ ವಿಷಯವೇ ಎಂದು ಆಕೆ ತೀರ್ಮಾನಿಸಿದ್ದಳು. ಒಂದು ಭಾನುವಾರ ಗಡ್ಡ ಹೆರೆಯುವಾಗ ಅವನ ಗಲ್ಲ ಕೊಯ್ದಿತ್ತು. ಹೀಗೆ ರಕ್ತ ಸುರಿಸಿಕೊಂಡು ಹೋದರೆ ಅವಳೇನು ಅಂದುಕೊಂಡಾಳು ಎಂದು ಬೈದು, ಮೊಮ್ಮಕ್ಕಳಿಗೆಂದು ಇಟ್ಟಿದ್ದ ಹಳದಿ ಬಾತುಕೋಳಿ ಮರಿಯ ಚಿತ್ರದ ಪಟ್ಟಿಯನ್ನು ತಾನೇ ಅವನ ಗಲ್ಲಕ್ಕೆ ಅಂಟಿಸಿ ಕಳಿಸಿದಳು.

ಆ ಪೆನಾಲ್ಟಿಯ ನಂತರ ಅವನಿಗೆ ನೇರಳೆ ತಂಡದ ಆಟವನ್ನು ಯಾರೂ ಒಪ್ಪಿಸಿರಲಿಲ್ಲ. ಅಂದು ಆಡಿಸಬೇಕಿದ್ದ ರೆಫರಿಗೆ ಜ್ವರ ಬಂದು, ಅವನನ್ನೇ ಮೈದಾನಕ್ಕೆ ಇಳಿಸಿದರು.

ನಾವೆಲ್ಲ ಸಿರಿಲೊನ ಟೀವಿಯನ್ನು ಗೇಟಿನ ಬಳಿ ಹೊರಗೆ ಇಟ್ಟುಕೊಂಡು ನೋಡುತ್ತಿದ್ದೆವು. ನೇರಳೆಯವರು ಗೋಲು ಹೊಡೆದರು, ನಾವು ಎದ್ದು ಕುಣಿದೆವು, ರೆಫರಿ ಆಫ್‌ಸೈಡ್ ಎಂದು ಊದಿದ. ಕ್ಯಾಮೆರಾ ಅವನ ಮುಖವನ್ನು ಹತ್ತಿರದಿಂದ ತೋರಿಸಿತು. ಗಲ್ಲದ ಮೇಲೆ ಬಾತುಕೋಳಿ ಮರಿ.

ಞಾ ಪೆರ್ಪೆತುವಾ ತೆರೆರೆಯ ಲೋಟ ಕೆಳಗಿಟ್ಟಳು. ಆಟ ಮುಗಿಯುವ ಮೊದಲೇ ಟೀವಿಗೆ ಬೆನ್ನು ಮಾಡಿ, ಕುರ್ಚಿಯನ್ನು ಗೇಟಿನತ್ತ ತಿರುಗಿಸಿ ಕೂತಳು. ಗೋಲು ಕೈತಪ್ಪಿದ್ದಕ್ಕಿಂತ ನಮಗೆ ಇದೇ ಹೆಚ್ಚು ಭಯ ಹುಟ್ಟಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ತೆಯೋಫಿಲೊ ಬಂದ. ಅಡ್ಡಗಂಬ ಏಳಲಿಲ್ಲ.

“ಯಾರ ಮನೆಗೆ?” ಅಂದ ಸಿರಿಲೊ.

“ನನ್ ಮನೆಗೆ.”

“ಆ ಮನೇಲಿರೋರಿಗೆ ಫುಟ್‌ಬಾಲ್ ಗೊತ್ತಿಲ್ಲ. ಟೀವೀಲಿ ಬಂದೋರು ಬೇರೆ ಯಾರೋ.”

ಞಾ ಪೆರ್ಪೆತುವಾ ಕುರ್ಚಿಯನ್ನು ಅಡ್ಡಗಂಬದ ಈಚೆಗೆ ಎಳೆದುಕೊಂಡು ಕೂತಳು. “ಇಷ್ಟು ದಿನ ನನ್ ಕೈಲಿ ಪಾಠ ಹೇಳಿಸ್ಕೊಂಡ್ಯಲ್ಲ. ನಗು ಬರ್ತಿತ್ತಾ?”

“ಬರ್ತಿತ್ತು. ನಗ್ಲಿಲ್ಲ.”

ಹಾಗಾದರೆ ಆ ಗೋಲಿನ ಕಥೆಯೇನು ಎಂದಳು ಆಕೆ. ಆಫ್‌ಸೈಡೇ ಎಂದ. ತೋರಿಸು ಎಂದಳು. ಸಿರಿಲೊನ ಮೇಜಿನ ಮೇಲೆ ಅವನು ತೆರೆರೆ ಲೋಟವನ್ನು ಗೋಲ್‌ಕೀಪರ್ ಎಂದು ಇಟ್ಟ. ಅದರ ಮುಂದೆ ನಾವು ತಿಂದು ಉಳಿಸಿದ್ದರಲ್ಲಿ ಒಂದು ದೊಡ್ಡ ಚಿಪಾ, ಅದು ಎದುರಾಳಿ. ಇವೆರಡರ ನಡುವೆ ಒಂದು ಚಿಕ್ಕ ಚಿಪಾ, ಅದು ನಮ್ಮವನು. ಚೆಂಡು ಬರುವಾಗ ನಮ್ಮವನ ಮುಂದೆ ಎದುರಾಳಿಗಳಲ್ಲಿ ಇಬ್ಬರಾದರೂ ಇರಬೇಕು, ಗೋಲ್‌ಕೀಪರ್ ಒಬ್ಬನೇ ಸಾಲದು ಎಂದ. ಆಕೆ ಚಿಕ್ಕದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಅವನು ಮತ್ತೆ ಮುಂದಿಟ್ಟ. ಆಕೆ ಮತ್ತೆ ಸರಿಸಿದಳು. ತೆಯೋಫಿಲೊ ಯೋಚಿಸದೆ ಅಂಗಿಯ ಜೇಬಿನಿಂದ ಹಳದಿ ಕಾರ್ಡು ತೆಗೆದು ಆಕೆಯ ಮುಖಕ್ಕೆ ಹಿಡಿದುಬಿಟ್ಟ.

ಞಾ ಪೆರ್ಪೆತುವಾ ಕಾರ್ಡನ್ನೇ ದಿಟ್ಟಿಸಿದಳು. ಆಮೇಲೆ ಎದುರಾಳಿ ಚಿಪಾವನ್ನು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದಳು.

“ಈಗ?”

“ಈಗ ಇನ್ನೂ ದೊಡ್ಡ ಆಫ್‌ಸೈಡಮ್ಮ. ಗೋಲ್‌ಕೀಪರ್ ಒಬ್ಬನೇ ಉಳಿದ.”

ಮೊದಲು ನಕ್ಕದ್ದು ಆಕೆಯೇ. ಕೆಮ್ಮು ಹತ್ತುವಷ್ಟು ನಕ್ಕಳು. ಸಿರಿಲೊ ಅಡ್ಡಗಂಬ ಎತ್ತಿದ. ಆದರೂ ಒಬ್ಬಿಬ್ಬರು ಇಂಥವನನ್ನು ಒಳಗಿಟ್ಟುಕೊಳ್ಳುವುದೇ ಎಂದು ಗೊಣಗಿದರು. ಆಕೆ ತಿರುಗಿ ನಿಂತಳು.

“ಅವ್ನು ನನ್ ಬಾಡಿಗೆಯವ್ನು. ಬೈಯೋದಿದ್ರೆ ನಾನ್ ಬೈತೀನಿ. ನಿಮ್ಗೆ ಬೇಕಾದ್ರೆ ನೀವೂ ಒಬ್ಬ ರೆಫರೀನ ಇಟ್ಕೊಳ್ಳಿ.”

ವಠಾರದವರು ಬೈಯುವುದನ್ನೇನೂ ಬಿಡಲಿಲ್ಲ, ಆದರೆ ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳಿ, ಕೂತು ಬೈದು ಹೋಗುತ್ತಿದ್ದರು. ಅವನೂ ತೆರೆರೆ ಕೊಟ್ಟು ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ನಾನೂ ಹೋಗಿದ್ದೆ.

ವರ್ಷ ತುಂಬಿದಾಗ ಅವನು ಖಾಲಿ ಮಾಡುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಕರಾರನ್ನು ಮುಂದುವರಿಸಲು ಕೇಳಿದ. ಪ್ರತಿ ಭಾನುವಾರ ತನ್ನ ಮನೆಯಲ್ಲೇ ಊಟ ಮಾಡಿ ಅಂದಿನ ಆಟಕ್ಕೆ ಸಮಜಾಯಿಷಿ ಕೊಡಬೇಕೆಂದು ಞಾ ಪೆರ್ಪೆತುವಾ ಕೊನೆಯಲ್ಲಿ ಒಂದು ಷರತ್ತು ಸೇರಿಸಿದಳು. ಮೊದಲು ಊಟ, ಆಮೇಲೆ ಮಾತು ಎಂದು ಅದರ ಕೆಳಗೇ ಅವನು ಬರೆಸಿದ. ಇಬ್ಬರೂ ಸಹಿ ಹಾಕಿದರು. ಮಾತು ಮಾತ್ರ ಈಗಲೂ ಸೂಪು ಬಡಿಸುವಾಗಲೇ ಶುರುವಾಗುತ್ತದೆ. ಕೆಳಗೆ ನಮ್ಮ ಮನೆಗೆಲ್ಲ ಕೇಳಿಸುತ್ತದೆ.