ಪಾದದ ಅಳತೆ

ಆ ಯುದ್ಧದ ಸಿನಿಮಾ ನೋಡಿದವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜಗಲಿಯ ಮೇಲೆ ಕೂತು ನೀರು ಕುಡಿದು, "ಅಮ್ಮಾ, ಅದೆಷ್ಟು ಚೆನ್ನಾಗಿ ಅತ್ತಿದ್ದೀರಿ, ಅಂಥ ನಟನೆ ಮತ್ತೆ ಯಾವ ಸಿನಿಮಾದಲ್ಲೂ ಬರಲಿಲ್ಲ" ಎನ್ನುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ! ನಟನೆಯಂತೆ ನಟನೆ. ಇವತ್ತು ಒಂದು ಸಲ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬಾರದು.

ನಮ್ಮ ಹೊಲ ಇರುವುದು ಬಳ್ಳಿಗಾವಿಯಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯಲ್ಲಿ. ಐವತ್ತೇಳರ ಬೇಸಿಗೆ, ಹೊಲ ಖಾಲಿ ಬಿದ್ದಿತ್ತು. ಮದರಾಸಿನ ಕಂಪನಿಯೊಂದು ಬಳ್ಳಿಗಾವಿಯ ಗುಡಿ, ವೀರಗಲ್ಲುಗಳನ್ನೆಲ್ಲ ನೋಡಿ, ಇಲ್ಲೇ ಪಾಳೆಯಗಾರನ ಯುದ್ಧ ತೆಗೆಯುತ್ತೇವೆ ಎಂದು ಡೇರೆ ಹೊಡೆಯಿತು. ಸುತ್ತಲಿನ ಗಂಡಸರೆಲ್ಲ ಸೈನಿಕರಾದರು. ನಲವತ್ತೆರಡರ ದಂಗೆಯಲ್ಲಿ ಪೊಲೀಸರ ಗುಂಡು ಕಂಡ ಈಸೂರಿನಿಂದಲೂ ಕೆಲವರು ಬಂದಿದ್ದರು. ಸುಳ್ಳು ತೋಪು ಢಂ ಎಂದದ್ದೇ ತಡ, ಅವರು ಈಟಿ ಕೆಳಗಿಟ್ಟು, "ನಿಜವಾದದ್ದು ನೋಡೀವಿ, ಸಾಕು ನಮಗೆ" ಎಂದು ಊರಿಗೆ ನಡೆದುಬಿಟ್ಟರು. ನಮ್ಮವರಿಗೂ ಆಗಲೇ ಬುದ್ಧಿ ಬರಬೇಕಿತ್ತು.

ಕಥೆಯಲ್ಲಿ ಪಾಳೆಯಗಾರ ಯುದ್ಧದಲ್ಲಿ ಸಾಯುತ್ತಾನೆ, ಅವನನ್ನು ಮಣ್ಣು ಮಾಡುತ್ತಾರೆ. ಹೀರೋ ಆಗಿದ್ದವನು, ಗುಂಡಿಗೆ ಮಾತ್ರ ಇಳಿಯುವುದಿಲ್ಲ, ನಮ್ಮಮ್ಮ ಆಣೆ ಹಾಕಿಸಿದ್ದಾಳೆ ಎಂದು ಹಟ ಹಿಡಿದ. ಆಗ ಡೈರೆಕ್ಟರ ಕಣ್ಣು ನಮ್ಮನೆಯವರ ಮೇಲೆ ಬಿತ್ತು. ಅದೇ ಮೂಗು, ಅದೇ ಮೀಸೆ. ನಮ್ಮನೆಯವರು ಒಂದೇ ಮಾತಿಗೆ ಒಪ್ಪಿದರು. ಹುಟ್ಟಿದಾರಭ್ಯ ಒಂದು ಫೋಟೋ ತೆಗೆಸಿಕೊಂಡ ಮನುಷ್ಯರಲ್ಲ ಅವರು. "ನಂದೂ ಒಂದು ಚಿತ್ರ ಇರ್ಲಿ ಬಿಡೇ ನೀಲಾ" ಎಂದು ಕನ್ನಡಿ ಮುಂದೆ ಮೀಸೆ ತೀಡಿಕೊಂಡರು. ಮೈಯೆಲ್ಲ ಉರಿದುಹೋಯಿತು ನನಗೆ.

ಗುಂಡಿ ತೋಡಲು ಕಲ್ಲಪ್ಪನನ್ನು ಕರೆದರು. ನಮ್ಮ ಊರಿನ ಅಷ್ಟೂ ಸಮಾಧಿ ತೋಡಿದವನು ಅವನೇ. ಡೈರೆಕ್ಟರು ಉದ್ದಕ್ಕೆ ತೋಡು ಎಂದರೆ ಅವನು, "ನಮ್ಮಲ್ಲಿ ಮಲಗಿಸಂಗಿಲ್ಲ ಸ್ವಾಮಿ, ಕೂರಿಸ್ತೀವಿ" ಎಂದು ಮೆಟ್ಟಿಲು ಇಳಿಸಿ, ಒಳಗೆ ಗೂಡು ಕೊರೆದು, ಪದ್ಧತಿ ಪ್ರಕಾರವೇ ತೋಡಿದ. ಇಷ್ಟೇ ಆಗಿದ್ದರೆ ನಾನು ಬೈದುಕೊಂಡು ಸುಮ್ಮನಿರುತ್ತಿದ್ದೆ.

ಮಾರನೇ ದಿನ ರೊಟ್ಟಿ ಬಡಿಯುತ್ತ ಕೂತಿದ್ದೆ. ಕಲ್ಲಪ್ಪನ ಹೆಂಡತಿ ವನಜಮ್ಮ ಏದುಸಿರು ಬಿಡುತ್ತ ಬಂದಳು. "ಅಕ್ಕಾ, ನಮ್ಮನೆಯೋರು ಎಂಥ ಕೆಲ್ಸ ಮಾಡ್ಯಾರ ನೋಡು. ನಿಮ್ಮನೆಯೋರು ಶಿವಮೂರ್ತಪ್ಪೋರ ಪಾದಕ್ಕೆ ಹುರಿ ಹಿಡಿದು ಅಳತೆ ತಗೊಂಡು ಗುಂಡಿ ತೋಡ್ಯಾರ!"

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ನಮ್ಮಲ್ಲಿ ಸತ್ತವರ ಪಾದ ಅಳೆದು, ಆ ಅಳತೆಗೆ ಸಮಾಧಿ ತೋಡುತ್ತಾರೆ. ಬದುಕಿದ್ದವರ ಪಾದಕ್ಕೆ ಹುರಿ ಹಿಡಿಯುವ ಪಾಪದ ಕೆಲಸವನ್ನು ಯಾರೂ ಮಾಡಿದ್ದಿಲ್ಲ. ಆಮೇಲೆ ಕಲ್ಲಪ್ಪನ ಕೊರಳಪಟ್ಟಿ ಹಿಡಿದು ಕೇಳಿದ್ದಕ್ಕೆ ಅವನು, "ಅಳತಿ ಇಲ್ದೆ ನಂಗೆ ಗುದ್ಲಿನೇ ಏಳಂಗಿಲ್ಲಕ್ಕ, ಕೂರೋರು ಅವ್ರೇ ಅಂದ್ರು, ಅಳೆದೆ" ಎಂದು ಅಳತೊಡಗಿದ. ರೂಢಿಯಿಂದ ಮಾಡಿಬಿಟ್ಟಿದ್ದ ಮುಟ್ಠಾಳ.

ಹಿಟ್ಟಿನ ಕೈಯಲ್ಲೇ ಹೊಲಕ್ಕೆ ಓಡಿದೆ. ಜನ ಸಾಲಾಗಿ ನಿಂತಿದ್ದರು. ಗುಂಡಿಯೊಳಗೆ ನಮ್ಮನೆಯವರು ಹಣೆ ತುಂಬ ವಿಭೂತಿ ಬಳಿದುಕೊಂಡು, ಕೊರಳಿಗೆ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಕೈ ಎರಡೂ ತೊಡೆಯ ಮೇಲೆ. ಮೇಲಿನಿಂದ ಬಿಲ್ವಪತ್ರೆ ಹಾಕುತ್ತಿದ್ದರು. ನನ್ನ ಬಾಯಿಂದ ಬಂದ ಕೂಗು ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ. ಗುಂಡಿಯ ಅಂಚಿಗೆ ಬಿದ್ದೆ. ಎರಡೂ ಕೈಯ ಬಳೆ ಒಡೆದು ರಕ್ತ ಬಂತು. "ಏಳ್ರೀ, ಎದ್ದೇಳ್ರೀ" ಎಂದು ಹೊಡೆದುಕೊಂಡು ಅತ್ತೆ.

ಅವರು ಏಳಲಿಲ್ಲ. ಕ್ಯಾಮೆರಾ ಓಡುತ್ತಿತ್ತಲ್ಲ, ಕಣ್ಣೂ ತೆರೆಯಲಿಲ್ಲ. ಬಲಗೈ ಹೆಬ್ಬೆರಳನ್ನು ಮಾತ್ರ ಒಂದಿಷ್ಟು ಮೇಲೆತ್ತಿ ಇಳಿಸಿದರು. ಬಾಯಿ ತುಂಬ ಎಲೆಅಡಿಕೆ ಇದ್ದಾಗ ನಾನೇನಾದರೂ ಕೇಳಿದರೆ ಅವರು ಹಾಗೇ ಮಾಡುತ್ತಿದ್ದರು. ಇರೇ, ಹೇಳ್ತೀನಿ, ಎಂದು ಅದರರ್ಥ.

ಡೈರೆಕ್ಟರು ಕಣ್ಣೊರೆಸಿಕೊಂಡು ಬಂದು ನನಗೆ ಕೈಮುಗಿದ. ಅವನ ಮುಖಕ್ಕೆ ಉಗಿದೆ.

ಮನೆಯಲ್ಲಿ ನಮ್ಮತ್ತೆ ರಾಜೇಶ್ವರಮ್ಮನವರು ಒಡೆದ ಬಳೆ ನೋಡಿ ಗೋಡೆಗೊರಗಿ ಕೂತರು. ತಾವೇ ನನ್ನ ಕೈಗೆ ಹಸಿರು ಬಳೆ ತೊಡಿಸಿ ಮಗನಿಗೆ ಹೇಳಿದರು: "ಅಳತಿ ತೆಗೆದ ಗುಂಡಿ ಬರಿದು ಬಿಡಬಾರ್ದಪ್ಪ. ಒಂದು ಬೂದುಗುಂಬಳಕಾಯಿ ಕೂರಿಸಿ ಇವತ್ತೇ ಮುಚ್ಚಿಬಿಡು."

"ಮುಚ್ಚಂಗಿಲ್ಲವ್ವ" ಎಂದರು ನಮ್ಮನೆಯವರು. ಕಂಪನಿಯ ಮ್ಯಾನೇಜರು ಹೇಳಿದ್ದನಂತೆ: ಫಿಲ್ಮು ಮದರಾಸಿನಲ್ಲಿ ತೊಳೆದು ನೋಡಬೇಕು. ಮುಖ ಸರಿಯಾಗಿ ಬಂದಿರದಿದ್ದರೆ ವಾಪಸ್ ಬಂದು ತೆಗೆಯುತ್ತೇವೆ. ಗುಂಡಿ ಮುಚ್ಚಿದರೆ ಆ ಭಾಗವನ್ನೇ ಕಿತ್ತುಹಾಕಬೇಕಾಗುತ್ತದೆ. ಇವರು ಕಾಯುತ್ತೇನೆಂದು ಮಾತು ಕೊಟ್ಟಿದ್ದರು.

ಕಂಪನಿ ಹೋಯಿತು. ಗುಂಡಿ ಉಳಿಯಿತು. ಹೊಲದ ನಡುವೆ ಬಾಯಿ ತೆರೆದುಕೊಂಡು ಕೂತಿತ್ತು. ಎತ್ತುಗಳು ಅದರ ಹತ್ತಿರ ಹೋಗಲೊಲ್ಲವು. ನಮ್ಮನೆಯವರು ಅಂಚಿಗೆಲ್ಲ ಮುಳ್ಳು ಹಾಕಿದರು, ಒಳಗೆ ಬಿದ್ದ ಎಲೆ ತೆಗೆದರು, ಮನೆಯ ಕೋಣೆ ಗುಡಿಸಿದ ಹಾಗೆ ಗುಡಿಸಿದರು. ಒಂದು ದಿನ ನಾನೇ ಕುಂಬಳಕಾಯಿ ಹೊತ್ತು, ಗುದ್ದಲಿ ಹಿಡಿದು ಹೋದೆ. ನಾಲ್ಕು ಬುಟ್ಟಿ ಮಣ್ಣು ಹಾಕುವಷ್ಟರಲ್ಲಿ ಬಂದು ಗುದ್ದಲಿ ಕಸಿದುಕೊಂಡರು.

"ನಿಮ್ಮ ಮುಖ ನಾ ದಿನಾ ನೋಡ್ತೀನಲ್ರೀ, ಸಾಲದೇನು? ಆ ಚಿತ್ರ ಕಟ್ಕೊಂಡು ಏನ್ ಮಾಡ್ತೀರಿ?" ಎಂದು ಅತ್ತೆ.

"ನಾಳೆ ನಾನಿಲ್ದಾಗ ಯಾರ್ ನೋಡ್ತಾರೆ? ಮಳಿ ಬರೋತನ ಕಾಯೋಣ. ಆಮೇಲೆ ನಾನೇ ಮುಚ್ತೀನಿ, ನಿನ್ನಾಣೆ" ಎಂದರು. ಆ ಮಣ್ಣನ್ನೂ ತೆಗೆದು ಹೊರಗೆ ಹಾಕಿದರು.

ಮಳೆ ಅವರ ಆಣೆಗೆ ಕಾಯಲಿಲ್ಲ. ಒಂದೇ ಸಮ ಹೊಡೆಯಿತು. ಮೂರನೇ ದಿನ ಬೆಳಿಗ್ಗೆ ಕೊಟ್ಟಿಗೆಯ ಕರು ಹಗ್ಗ ಕಿತ್ತುಕೊಂಡು ಹೋಗಿ ಅದೇ ಗುಂಡಿಗೆ ಬಿತ್ತು. ಇವರು ಓಡಿದರು, ಕಲ್ಲಪ್ಪನೂ ಓಡಿದ, ಹಿಂದೆ ನಾನು. ಆ ಮೆಟ್ಟಿಲು ಇಳಿಯಬೇಡಿ ಎಂದು ಕಿರುಚುತ್ತಲೇ ಓಡಿದೆ. ಇಳಿದರು. ಕರುವನ್ನು ಎತ್ತಿ ಕಲ್ಲಪ್ಪನ ಕೈಗೆ ಕೊಟ್ಟರು. ಮೇಲೆ ನೋಡಿ ನಕ್ಕರು. ಆಗ ನೆನೆದ ಗೋಡೆ ಕುಸಿಯಿತು.

ಊರವರು ಸೇರಿ ಮಣ್ಣು ತೆಗೆಯುವಷ್ಟರಲ್ಲಿ ಮುಗಿದಿತ್ತು. ಹಿರಿಯರು ಅಲ್ಲೇ ಆಗಲಿ ಎಂದರು. ಕಲ್ಲಪ್ಪ ಕುಸಿದದ್ದನ್ನು ಸರಿಮಾಡಿದ, ಹುರಿ ಹಿಡಿಯಲಿಲ್ಲ. ಅಳತೆ ಮೊದಲೇ ಇತ್ತು. ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದರು. ನನಗೆ ಅಳು ಬರಲಿಲ್ಲ. ಯಾವಳೋ ಒಬ್ಬಳು ಹಿಂದಿನಿಂದ, "ಸಿನಿಮಾದೋರ ಮುಂದೆ ಹಂಗೆ ಅತ್ತಳು, ಈಗ ನೋಡ್ರವ್ವ" ಎಂದಳು. ನಾನು ಅವರ ಬಲಗೈ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದೆ. ಮಣ್ಣು ಮುಚ್ಚುವವರೆಗೂ ನೋಡಿದೆ.

ಕಂಪನಿಯವರು ಮತ್ತೆ ಬರಲೇ ಇಲ್ಲ. ಮೊದಲು ತೆಗೆದದ್ದೇ ಚೆನ್ನಾಗಿ ಬಂದಿತ್ತಂತೆ.

ಐವತ್ತೊಂಬತ್ತರಲ್ಲಿ ಆ ಸಿನಿಮಾ ಶಿಕಾರಿಪುರದ ಟೆಂಟಿಗೆ ಬಂತು. ಗಾಡಿ ಕಟ್ಟಿಕೊಂಡು ಸೊರಬದ ಕಡೆಯಿಂದಲೂ ಜನ ಬಂದರು. ಹೋಗಬಾರದು ಎಂದುಕೊಂಡೇ ಹೋದೆ, ಅತ್ತೆಯವರಿಗೂ ಹೇಳದೆ. ನಮ್ಮನೆಯವರ ಮುಖ ಮತ್ತೆಲ್ಲಿ ಸಿಗುತ್ತಿತ್ತು ನನಗೆ? ಯುದ್ಧವಾಯಿತು, ಕುದುರೆ ಓಡಿದವು, ಕೊನೆಗೆ ಆ ಗುಂಡಿ ಬಂತು. ಹಣೆಯ ವಿಭೂತಿ, ಮೀಸೆ, ಮುಚ್ಚಿದ ಕಣ್ಣು. ಪರದೆಯ ಮೇಲೆ ನಾನು ಓಡಿ ಬಂದು ಬಿದ್ದೆ, ಬಳೆ ಒಡೆದವು, ಟೆಂಟಿನ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಅವರೆಲ್ಲ ನನ್ನನ್ನು ನೋಡುತ್ತಿದ್ದರು, ನಾನು ನಮ್ಮನೆಯವರ ಕೈ ನೋಡುತ್ತಿದ್ದೆ.

ಹೆಬ್ಬೆರಳು ಎದ್ದಿತು. ಇರೇ, ಹೇಳ್ತೀನಿ.

ಎರಡು ವರ್ಷ ಬಾರದ ಅಳು ಆಗ ಬಂತು. ಟೆಂಟು ಹಾರಿಹೋಗುವ ಹಾಗೆ ಅತ್ತೆ. ಪಕ್ಕದಲ್ಲಿ ಕೂತಿದ್ದ ಯಾವುದೋ ಊರಿನ ಅಜ್ಜಿ, ಪಾಪ, ನನ್ನ ಗುರುತಿಲ್ಲದವಳು, ಬೆನ್ನು ಸವರಿ ಹೇಳಿದಳು:

"ಸಾಕು ಸುಮ್ನಿರು ಮಗಾ, ಇದು ಸಿನಿಮಾ. ಅವ್ನು ನಿಜವಾಗ್ಲೂ ಸತ್ತಿಲ್ಲ."