ನಲವತ್ತು ಬೈಟಿನ ಸುಳ್ಳು

ಶಂಕರಪುರಂನ ಒಂದು ಹಳೇ ಮನೆಯ ಮಹಡಿಯಲ್ಲಿ ಅಭಿನಂದನ್ ಅವರ ಕಂಪನಿ ಇತ್ತು. ಒಟ್ಟು ಏಳು ಜನ. ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲಿರುವ ಮಾನಿಟರುಗಳಿಂದ ನಾಡಿಬಡಿತ, ಉಸಿರಾಟದ ವಿವರಗಳನ್ನು ನರ್ಸುಗಳ ಮೇಜಿನ ಪರದೆಗೆ ಮುಟ್ಟಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಅವರು ತಯಾರಿಸುತ್ತಿದ್ದರು. ಶಿವರಂಜಿನಿ ಅಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದಳು. ಡಿಪ್ಲೊಮಾ ಓದಿದವಳು, ವಯಸ್ಸು ಮೂವತ್ತೆಂಟು. ಪೆಟ್ಟಿಗೆ ಆನ್ ಮಾಡುವುದು, ಆಫ್ ಮಾಡುವುದು, ಎಲ್ಲಿ ಕೆಟ್ಟಿತೆಂದು ಬರೆದಿಡುವುದು ಅವಳ ಕೆಲಸ. ಕೋಡ್ ಬರೆಯುವವರು ಬೇರೆ ಇದ್ದರು.

ಆ ಜೂನ್‌ನಲ್ಲಿ ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮ್‌ನಿಂದ ದೂರು ಬಂತು. ವಾರಕ್ಕೆ ಒಂದೆರಡು ಸಲ, ಮಧ್ಯಾಹ್ನ ಮೂರರ ಹೊತ್ತಿಗೆ, ಪೆಟ್ಟಿಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು.

"ದಿನಾ ಎರಡು ಗಂಟೆಗೆ ತಾನೇ ರೀಸ್ಟಾರ್ಟ್ ಆಗೋ ಹಾಗೆ ಮಾಡ್ಬಿಡೋಣ," ಅಂದರು ಅಭಿನಂದನ್.

"ರೀಸ್ಟಾರ್ಟ್ ಆಗೋಕೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ, ಸರ್?" ಅಂದಳು ಶಿವರಂಜಿನಿ.

"ಬೇರೆ ದಾರಿ ಇದ್ರೆ ಹೇಳಿ."

"ನಾಲ್ಕು ದಿನ ಕೊಡಿ. ಅಲ್ಲೇ ಕೂತು ನೋಡ್ತೀನಿ."

ಮೊದಲೆರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಅಲ್ಲಿ ಹದಿನೈದು ವರ್ಷದಿಂದ ಆಯಾ ಆಗಿದ್ದ ಮುನಿಯಕ್ಕ ಬಂದು ಪಕ್ಕದಲ್ಲಿ ನಿಂತರು.

"ಇವತ್ತು ನಿಂತೋಗುತ್ತೆ ನೋಡಮ್ಮ."

"ನಿಮಗೆ ಹೇಗೆ ಗೊತ್ತು, ಅಕ್ಕಾ?"

"ಇಪ್ಪತ್ನಾಲ್ಕು ಬೆಡ್ಡೂ ಫುಲ್ಲು. ಫುಲ್ ಆದ ದಿನಾನೇ ಅದು ಮಲಗೋದು. ಡಾಕ್ಟ್ರಿಗೆ ಅಂತ ರಿಪೋರ್ಟ್ ತೆಗೀತಾರಲ್ಲ, ಆವಾಗ. ಎಷ್ಟ್ ಸಲ ಹೇಳ್ದೆ, ಯಾರೂ ಕಿವಿಗೇ ಹಾಕ್ಕೊಳ್ಲಿಲ್ಲ."

ಮೂರಕ್ಕೆ ನರ್ಸ್ ರಿಪೋರ್ಟ್ ಬಟನ್ ಒತ್ತಿದಳು. ಐದು ನಿಮಿಷಕ್ಕೆಲ್ಲ ಪರದೆ ನಿಂತಿತು. ಮಾನಿಟರುಗಳು ನಡೆಯುತ್ತಿದ್ದವು ನಿಜ, ಆದರೆ ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ಓಡಬೇಕಾಯಿತು. ಶಿವರಂಜಿನಿ ಕೊನೆಯ ಕ್ಷಣದ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಮಾನಿಟರುಗಳಿಂದ ಬಂದು ಓದಿಸಿಕೊಳ್ಳಲು ಕಾದಿರುವ ಸಂದೇಶಗಳೆಲ್ಲ ಸೇರಿ ಐದು ಎಂಬಿಯೂ ಇಲ್ಲ ಎನ್ನುತ್ತಿತ್ತು ಪೆಟ್ಟಿಗೆ. ಆದರೆ ಅದರ ಐನೂರು ಎಂಬಿ ಮೆಮೊರಿ ಪೂರ್ತಿ ಮುಗಿದಿತ್ತು.

ಆ ಪೆಟ್ಟಿಗೆಯಲ್ಲಿದ್ದದ್ದು ಪ್ರಪಂಚದ ನಾನಾ ಕಡೆಯ ಜನ ಕೂಡಿ ಬರೆಯುವ, ಯಾರು ಬೇಕಾದರೂ ಓದಬಹುದಾದ ಆಪರೇಟಿಂಗ್ ಸಿಸ್ಟಮ್. ಶಿವರಂಜಿನಿ ಆ ಕೋಡನ್ನು ಊಟದ ಬಿಡುವಿನಲ್ಲಿ ವರ್ಷಗಟ್ಟಲೆ ಓದುತ್ತ ಬಂದವಳು, ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಒಂದು ವಾರ ಹುಡುಕಿದ ಮೇಲೆ ನೆಟ್‌ವರ್ಕ್ ಚಿಪ್ಪನ್ನು ನಡೆಸುವ ಭಾಗದಲ್ಲಿ ತಪ್ಪಿದ್ದ ಸಾಲು ಸಿಕ್ಕಿತು. ಬಂದ ಪ್ರತಿ ಸಂದೇಶಕ್ಕೂ ಅಲ್ಲಿ ನಾಲ್ಕು ಸಾವಿರ ಬೈಟಿನ ಜಾಗ ಹೋಗುತ್ತಿತ್ತು. ಸಂದೇಶ ಇದ್ದದ್ದು ನಲವತ್ತು ಬೈಟ್. ಎಷ್ಟು ಜಾಗ ಹೋಯಿತೆಂದು ಗುರುತು ಹಾಕಿಕೊಳ್ಳುವಾಗಲೂ ಕೋಡ್ ನಲವತ್ತು ಎಂದೇ ಹಾಕಿಕೊಳ್ಳುತ್ತಿತ್ತು. ಇಷ್ಟು ಜಾಗ ತುಂಬಿದರೆ ಹೊಸ ಸಂದೇಶ ಬಿಟ್ಟುಬಿಡಬೇಕು ಎಂಬ ಮಿತಿಯೇನೋ ಇತ್ತು. ಆದರೆ ಲೆಕ್ಕವೇ ನೂರು ಪಾಲು ಕಡಿಮೆಯಾದಾಗ ಆ ಮಿತಿ ಮುಟ್ಟುವ ಮೊದಲೇ ಮೆಮೊರಿ ಮುಗಿಯುತ್ತಿತ್ತು. ಹಾಸಿಗೆಗಳೆಲ್ಲ ತುಂಬಿದ ದಿನ, ರಿಪೋರ್ಟಿಗಾಗಿ ಕಂಪನಿಯ ಪ್ರೋಗ್ರಾಮ್ ಐದು ನಿಮಿಷ ಸಂದೇಶ ಓದುವುದನ್ನು ನಿಲ್ಲಿಸಿದರೆ ಅದಕ್ಕೆ ಸಾಕಾಗಿತ್ತು.

ಅವಳು ಸಾಲನ್ನು ತಿದ್ದಿ, ಆ ಕೋಡ್ ಬರೆಯುವವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸಿದಳು. ಆ ಭಾಗದ ಉಸ್ತುವಾರಿ ನೋಡುವ ಹಿರಿಯರೊಬ್ಬರು, ಬೇರೆ ದೇಶದವರು, ಮರುದಿನವೇ ಉತ್ತರ ಬರೆದರು: "ಲೆಕ್ಕ ಸರಿಯಾಯಿತು. ಆದರೆ ಈಗ ಮಿತಿ ಬೇಗ ಮುಟ್ಟಿ ಸಂದೇಶಗಳು ಬಿದ್ದುಹೋಗುತ್ತವೆ. ಹೀಗೆ ಒಪ್ಪಲಾರೆ."

ಎಲ್ಲರ ಎದುರಿಗೇ ಬಂದ ಉತ್ತರ. ಅವಳ ಮುಖ ಬಿಸಿಯಾಯಿತು.

"ಬಿಟ್ಬಿಡಿ, ನಮ್ಮ ಪೆಟ್ಟಿಗೇಲಿ ಮಾತ್ರ ಹಾಕ್ಕೊಳೋಣ," ಅಂದರು ಅಭಿನಂದನ್.

"ಇಲ್ಲ ಸರ್, ಅವರು ಹೇಳ್ತಿರೋದು ಸರೀನೇ. ಬಿದ್ದುಹೋಗೋ ಒಂದೊಂದು ಸಂದೇಶಾನೂ ಯಾರದೋ ನಾಡಿಬಡಿತ."

ಮತ್ತೆ ಕೂತಳು. ಸಂದೇಶ ಚಿಕ್ಕದಾದರೆ ಬಂದ ತಕ್ಷಣ ಅದನ್ನು ಚಿಕ್ಕ ಜಾಗಕ್ಕೆ ನಕಲು ಮಾಡಿ, ದೊಡ್ಡ ಜಾಗವನ್ನು ಅಲ್ಲೇ ಹಿಂದಿರುಗಿಸುವಂತೆ ಬರೆದಳು. ಹಿಡಿದ ಜಾಗ ಎಷ್ಟೋ ಅಷ್ಟೇ ಲೆಕ್ಕ. ಇಪ್ಪತ್ನಾಲ್ಕು ಹಾಸಿಗೆಗಳಂತೆ ಸಂದೇಶ ಕಳಿಸುವ ಹುಸಿ ಮಾನಿಟರುಗಳನ್ನು ಜೋಡಿಸಿ ಒಂಬತ್ತು ದಿನ ಓಡಿಸಿದಳು. ಸಂದೇಶ ಬೀಳಲಿಲ್ಲ, ವೇಗವೂ ತಗ್ಗಲಿಲ್ಲ. ಅಂಕಿಗಳ ಸಮೇತ ಕಳಿಸಿದಳು.

ಎರಡು ದಿನ ಸದ್ದಿಲ್ಲ. ಮೂರನೇ ದಿನ ಬೆಳಿಗ್ಗೆ ಅದೇ ಹಿರಿಯರ ಉತ್ತರ ಬಂದಿತ್ತು: "ಚೆನ್ನಾಗಿದೆ, ಸೇರಿಸಿಕೊಂಡಿದ್ದೇನೆ. ಐದು ವರ್ಷದಿಂದ ನಾವೆಲ್ಲ ಈ ಸಾಲನ್ನು ಓದುತ್ತಲೇ ಇದ್ದೆವು. ಯಾರಿಗೂ ಕಾಣಲಿಲ್ಲ."

ಅಭಿನಂದನ್ ನಿಂತೇ ಓದಿದರು. ಇನ್ನೊಮ್ಮೆ ಓದಿದರು.

"ಈ ಚಿಪ್ ಎಲ್ಲೆಲ್ಲಿದೆಯೋ ಅಲ್ಲಿಗೆಲ್ಲಾ ನೀವು ಬರೆದಿದ್ದು ಹೋಗುತ್ತೆ, ಅಲ್ವಾ?"

"ಹೊಸ ವರ್ಶನ್ ಹಾಕ್ಕೊಂಡವರಿಗೆಲ್ಲಾ ಹೋಗುತ್ತೆ, ಸರ್."

"ನಾನು ರೀಸ್ಟಾರ್ಟ್ ಮಾಡ್ಸೋಣ ಅಂದಿದ್ದೆ." ಅವರು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. "ಇನ್ಮೇಲೆ ನೆಟ್‌ವರ್ಕ್ ಕೋಡ್ ನಿಮ್ಮದು."

"ಹಾಗಿದ್ರೆ ಮೊದ್ಲು ನಮ್ಮ ಪ್ರೋಗ್ರಾಮ್ ಸರಿ ಮಾಡ್ತೀನಿ. ರಿಪೋರ್ಟ್ ತೆಗೆಯೋವಾಗ ಓದೋದು ನಿಲ್ಸೋದು ನಮ್ಮದೇ ತಪ್ಪು." ಕಂಪನಿಯ ಕೋಡಿನ ತಪ್ಪನ್ನು ಅಷ್ಟು ನೇರವಾಗಿ ಅವರಿಗೆ ಅವಳು ಹಿಂದೆಂದೂ ಹೇಳಿರಲಿಲ್ಲ.

ಹೊಸ ಕೋಡ್ ಹಾಕಿದ ವಾರವೇ ನರ್ಸಿಂಗ್ ಹೋಮಿನ ಹಾಸಿಗೆಗಳೆಲ್ಲ ತುಂಬಿದವು. ಮೂರಕ್ಕೆ ರಿಪೋರ್ಟ್ ತೆಗೆದರು. ಇಪ್ಪತ್ನಾಲ್ಕು ಹಸಿರು ಗೆರೆಗಳೂ ಪರದೆಯ ಮೇಲೆ ಓಡುತ್ತಲೇ ಇದ್ದವು. ಶಿವರಂಜಿನಿ ಮುನಿಯಕ್ಕನನ್ನು ಹುಡುಕಿಕೊಂಡು ಹೋಗಿ ಮೊಬೈಲ್ ತೋರಿಸಿದಳು.

"ಕೋಡ್ ತಿದ್ದಿದ್ರೆ ಕೆಳಗಡೆ ನಮ್ಮ ಹೆಸರು ಬರೀಬೇಕು, ಅಕ್ಕಾ. ತೊಂದರೆ ಏನು ಅಂತ ಹೇಳಿದವರ ಹೆಸರನ್ನೂ ಹಾಕ್ತಾರೆ. ಅವತ್ತು ನಿಮ್ಮನ್ನ ಕೇಳಿದ್ನಲ್ಲ, ಹಾಕ್ಲಾ ಅಂತ? ನೋಡಿ."

"ತಮಾಷೆಗೆ ಕೇಳ್ತಿದೀಯ ಅನ್ಕೊಂಡಿದ್ದೆ!" ಮುನಿಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿರಲಿಲ್ಲ. "ಸಿಸ್ಟರ್, ಬನ್ನಿ ಇಲ್ಲಿ, ಇದೇನಂತ ಓದಿ."

ನರ್ಸ್ ಬಗ್ಗಿ ಓದಿದಳು: "ತಿಳಿಸಿದವರು, ಮುನಿಯಕ್ಕ. ತಿದ್ದಿದವರು, ಶಿವರಂಜಿನಿ."

"ಇದು ಅಳಿಸೋಗಲ್ವಾ?"

"ಇಲ್ಲ ಅಕ್ಕಾ. ಯಾವ ದೇಶದವರು ತೆಗೆದು ನೋಡಿದ್ರೂ ಇರುತ್ತೆ."

ಮುನಿಯಕ್ಕ ವಾರ್ಡಿನ ಉದ್ದಕ್ಕೂ ಒಮ್ಮೆ ನೋಡಿದರು. ಆಮೇಲೆ ನರ್ಸಿನ ಕಡೆ ತಿರುಗಿದರು.

"ಇನ್ನೊಂದ್ಸಲ ಓದಿ ಸಿಸ್ಟರ್. ಸ್ವಲ್ಪ ಜೋರಾಗಿ."