ಟವೆಲ್ ಹಿಡಿದವನ ಮಾತು

"ಕೈ ಕೊಡ್ರಪ್ಪ ಒಬ್ಬೊಬ್ಬರೇ," ಎನ್ನುತ್ತ ದಲ್ಲಾಳಿ ಕರಿಬಸವಯ್ಯ ಮಂಡಿಯೊಳಗೆ ಸೇರಿದ್ದ ವರ್ತಕರ ಮುಂದೆ ಹೆಗಲ ಮೇಲಿನ ಟವೆಲನ್ನು ಬಲಗೈಗೆ ಹೊದಿಸಿಕೊಂಡ. ಒಂದು ಬೆರಳು ಹಿಡಿದರೆ ಮೂಟೆಕಾಸು ನಿಲ್ಲಲಿ ಎಂದರ್ಥ, ಇಡೀ ಕೈ ಹಿಡಿದರೆ ಇನ್ನೊಂದು ವರ್ಷ ನಡೆಯಲಿ ಎಂದರ್ಥ.

ಅರಸೀಕೆರೆಯ ಆ ಕೊಬ್ಬರಿ ಬೀದಿಯಲ್ಲಿ ವ್ಯಾಪಾರ ಕುದುರುತ್ತಿದ್ದುದೇ ಹೀಗೆ. ಟವೆಲ್ಲಿನ ಕೆಳಗೆ ಬೆರಳು ಆಡಿಸಿದ್ದನ್ನು ಹೊರಗೆ ಯಾರೂ ಬಾಯಿಬಿಡುವಂತಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಕರಿಬಸವಯ್ಯ ದರ ಹೇಳಿದನೆಂದರೆ ಮುಗಿಯಿತು, ಅದಕ್ಕೆ ಎರಡು ಮಾತಿಲ್ಲ.

ಹೋದ ವರ್ಷ, ತೊಂಬತ್ತೆಂಟರಲ್ಲಿ, ಬೀದಿಯ ಕೆಸರಿಗೆ ರೋಸಿಹೋಗಿ, ಮಾರಿದ ಪ್ರತಿ ಮೂಟೆಗೂ ಇಷ್ಟು ಎಂದು ವರ್ತಕರೇ ತಮ್ಮ ಮೇಲೆ ಈ ಮೂಟೆಕಾಸಿನ ಕರ ಹಾಕಿಕೊಂಡಿದ್ದರು. ಒಂದು ವರ್ಷ ಮಾತ್ರ, ಅದು ಈಗ ಮುಗಿದಿತ್ತು. ಚರಂಡಿ ಆಯಿತು, ದೀಪ ಬಂತು. ಹೆಂಗಸರ ಪಾಯಿಖಾನೆ ಮಾತ್ರ ಕಟ್ಟದೆ ಉಳಿಯಿತು. ಗಂಡಸರಿಗೇನು, ಗೋಡೆ ಇತ್ತಲ್ಲ!

ಕೊಬ್ಬರಿ ಆರಿಸುವ ಹೆಂಗಸರು ಬೆಳಗಿನಿಂದ ಸಂಜೆಯತನಕ ನೀರು ಮುಟ್ಟುತ್ತಿರಲಿಲ್ಲ. ಅವರ ಜೊತೆ ಕೂರುತ್ತಿದ್ದ ಕರಿಬಸವಯ್ಯನ ಹೆಂಡತಿ ಬಸಮ್ಮನೂ ಅಷ್ಟೇ. ಹೋದ ತಿಂಗಳು ಉರಿಮೂತ್ರ ಜ್ವರಕ್ಕೆ ತಿರುಗಿ ಆಸ್ಪತ್ರೆ ಸೇರಿದ್ದಳು. ನೀರು ಕುಡಿಯಬಾರದೇನಮ್ಮ ಎಂದು ಡಾಕ್ಟರು ಗದರಿದರೆ, "ಕುಡುದು ಎಲ್ಲಿಗೋಗ್ಲಿ ಸಾ?" ಎಂದಿದ್ದಳು. ಪಕ್ಕದಲ್ಲಿದ್ದ ಕರಿಬಸವಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಈಗಲೂ ಬಾಗಿಲಾಚೆ ಆ ಹೆಂಗಸರು ಕೂತಿದ್ದರು. ಅವರೆದುರು ಬೇಡ ಎನ್ನಲು ಯಾರಿಗೂ ಬಾಯಿಲ್ಲ. ಅದಕ್ಕೇ ಟವೆಲ್. ಹಿರಿಯ ವರ್ತಕ ಸಿದ್ದಬಸಪ್ಪ ಒಂದೇ ಬೆರಳು ಹಿಡಿದ. ಅವನ ಹಿಂದೆ ಬಂದ ಹುಡುಗಾಟದ ಮಹಾಂತೇಶ್, "ಅತ್ತಿಗೆ ಹೆಂಗವ್ರಣ್ಣ ಈಗ?" ಎಂದು ಕನಿಕರದಿಂದ ಕೇಳುತ್ತಲೇ ಒಂದು ಬೆರಳು ಹಿಡಿದ. ಆಮೇಲೆ ಬಂದವರಲ್ಲಿ ಇಡೀ ಕೈ ಹಿಡಿದವರು ತೀರಾ ಕಡಿಮೆ.

ಕರಿಬಸವಯ್ಯ ಕೊನೆಯ ಕೈ ಬಿಡಿಸಿಕೊಂಡು ಬಾಗಿಲಾಚೆ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ನಡೀಲಿ ಅಂತ ಬಂದೈತೆ ಕಣ್ರಪ್ಪ. ಇನ್ನೊಂದು ವರ್ಷ."

ಇಡೀ ಕೈ ಹಿಡಿದ ಪುಣ್ಯಾತ್ಮರು ಯಾರಿರಬಹುದೆಂದು ವರ್ತಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬೇಡ ಅಂದಿದ್ದೆ ಎಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಸಿದ್ದಬಸಪ್ಪ ಒಬ್ಬನೇ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಟವೆಲ್ ಒಗೆಸು ಕರಿಬಸವಯ್ಯ, ಕೊಳೆಯಾಗೈತೆ," ಎಂದ.

ಮೂಟೆಕಾಸು ನಡೆಯಿತು. ಆದರೆ ಆಮೇಲೆ ವ್ಯಾಪಾರದ ನಡುವೆ ನಿಲ್ಲಲು ಕರಿಬಸವಯ್ಯನನ್ನು ಯಾರೂ ಕರೆಯಲಿಲ್ಲ. ಬೇರೆ ಯಾರೋ ಟವೆಲ್ ಹಿಡಿಯುತ್ತಿದ್ದರು, ಅವನು ತನ್ನ ಮಂಡಿಯ ಬಾಗಿಲಲ್ಲಿ ಕೂತು ನೋಡುತ್ತಿದ್ದ. ಬಸಮ್ಮ ಏನಾಯಿತೆಂದು ಕೇಳಿದರೆ, ಟವೆಲ್ ಮಡಿಚಿಟ್ಟು ಉಣ್ಣಲು ಕೂರುತ್ತಿದ್ದ.

ಯುಗಾದಿ ಕಳೆದ ಮೇಲೆ ಬೀದಿಯ ಕೊನೆಯಲ್ಲಿ, ಬಾಗಿಲ ಮೇಲೆ 'ಹೆಂಗಸರಿಗೆ' ಎಂದು ಬರೆದ, ಸುಣ್ಣ ಬಳಿದ ಪುಟ್ಟ ಕಟ್ಟಡ ಎದ್ದಿತು. ಅಂದು ಮಧ್ಯಾಹ್ನ ಸೆಕೆಯೋ ಸೆಕೆ. ಆರಿಸುತ್ತಿದ್ದ ಬಸಮ್ಮ ಕೈಯೊದರಿ ಎದ್ದು, ಬಿಂದಿಗೆಯಿಂದ ಚೊಂಬು ತುಂಬ ನೀರು ಮೊಗೆದು, ಗಟಗಟನೆ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮತ್ತೊಂದು ಚೊಂಬು ಮೊಗೆದಳು.